ಜೈಕಾರದ ತಾಲೀಮು

ಮಕ್ಕಳು ಕಡಿಮೆಯೆಂದು ಕಾಡಗೇರಿಯ ಪ್ರೌಢಶಾಲೆಯನ್ನು ಮುಚ್ಚಿ, ಅಲ್ಲಿನ ಮಕ್ಕಳನ್ನೂ ವಿಜ್ಞಾನದ ಮೇಷ್ಟ್ರು ತಿಪ್ಪೇಸ್ವಾಮಿಯವರನ್ನೂ ಮುದ್ಲಾಪುರದ ಶಾಲೆಗೆ ಸೇರಿಸಿದ್ದರು. ನಾಳೆ ಶಾಲಾ ಪ್ರಾರಂಭೋತ್ಸವ, ಊರು ಸುತ್ತುವ ಜಾಥಾ. ತಾಲೀಮಿನಲ್ಲಿ ಮುದ್ಲಾಪುರ ಶಾಲೆಗೆ ಎಲ್ಲರೂ ಜೈಕಾರ ಹಾಕಿದರೂ ಕಾಡಗೇರಿಯ ಮಕ್ಕಳ ಸಾಲು ಮಾತ್ರ ತುಟಿ ಬಿಚ್ಚಲಿಲ್ಲ.

“ನಿಮ್ಮ ಮಕ್ಕಳಿಗೆ ಬಾಯಿಲ್ವೇನ್ರೀ?” ಎಂದರು ಮುಖ್ಯೋಪಾಧ್ಯಾಯಿನಿ, ಮೇಷ್ಟ್ರ ಕಡೆ ತಿರುಗಿ. “ನಾಳೆನೂ ಹೀಗೇ ಆದ್ರೆ, ನೀವೇ ಹೇಳ್ಕೊಟ್ಟಿದ್ದೀರಿ ಅಂತ ಮೇಲಕ್ಕೆ ಬರೀತೀನಿ.”

ಮೇಷ್ಟ್ರು ಸಾಲಿನ ಮುಂದೆ ಬಂದು ನಿಂತರು. “ಕೂಗ್ರೋ!”

“ಗಂಟಲು ನೋವು ಸಾರ್,” ಎಂದಳು ಮುಂದಿದ್ದ ಹುಡುಗಿ.

“ಸಾಲಿಗೆ ಸಾಲೇ ಹಿಡಿಯೋ ಗಂಟಲು ನೋವು ಯಾವುದಮ್ಮಾ? ನಾನು ಬಿ.ಎಸ್ಸಿ.ಯಲ್ಲಿ ಓದ್ಲೇ ಇಲ್ವಲ್ಲ!”

ಯಾರೂ ನಗಲಿಲ್ಲ. ಮೇಷ್ಟ್ರಿಗೆ ಸಿಟ್ಟು ಬಂತು; ಯಾರ ಮೇಲೆಂದು ಅವರಿಗೇ ತಿಳಿಯಲಿಲ್ಲ.

“ಆ ಶಾಲೆ ಮುಗೀತು ಕಣ್ರೋ, ಬೀಗ ಬಿತ್ತು. ನಾನು ಮರೆತಿಲ್ವಾ? ನೀವೂ ಮರೀರಿ.”

“ಹಾಗಾದ್ರೆ ನೀವೇ ಮೊದ್ಲು ಕೂಗಿ ಸಾರ್,” ಎಂದಳು ಅದೇ ಹುಡುಗಿ.

ಮುಖ್ಯೋಪಾಧ್ಯಾಯಿನಿ ನೋಡುತ್ತಲೇ ಇದ್ದರು. ರೇಗಿಹೋದ ಮೇಷ್ಟ್ರು ಮುಷ್ಟಿ ಎತ್ತಿ, ಶಾಲೆಯ ಅಂಗಳ ಅದುರುವಂತೆ ಕೂಗಿದರು: “ಕಾಡಗೇರಿ ಪ್ರೌಢಶಾಲೆಗೆ...”

“ಜೈ!” ಎಂದಿತು ಇಡೀ ಸಾಲು.