ಪರದೆಯ ಆಚೆ

ಗುಡ್ಡದ ಮೇಲಿನ ಯೆಹೂದ್ಯರ ಕೋಟೆ ಒಡೆದ ದಿನ ಆ ರೋಮನ್ ಸಿಪಾಯಿ ಎದುರಿಗೆ ಸಿಕ್ಕವರನ್ನೆಲ್ಲ ಕಡಿದಿದ್ದ. ಆದರೂ ಅವನ ಸಿಟ್ಟು ಇಳಿದಿರಲಿಲ್ಲ. ಬೆಳಿಗ್ಗೆಯಷ್ಟೇ ಕೋಟೆಯ ಮೇಲಿನಿಂದ ಉರುಳಿದ ಕಲ್ಲಿಗೆ ಸಿಕ್ಕಿ ಅವನ ಒಡಹುಟ್ಟಿದ ತಮ್ಮ ಸತ್ತಿದ್ದ.

ಯೆಹೂದ್ಯರ ದೇವರು ಇಡೀ ಭೂಮಿಯಲ್ಲಿ ಈ ಗುಡ್ಡವನ್ನೇ ಆರಿಸಿಕೊಂಡು, ಇಲ್ಲಿನ ದೇವಾಲಯದ ಪರದೆಯ ಹಿಂದೆ ವಾಸವಾಗಿದ್ದಾನೆಂದು ಸೆರೆಸಿಕ್ಕವರು ಹೇಳಿದ್ದರು.

"ಹಾಗಾದ್ರೆ ಅವನನ್ನೂ ಮುಗಿಸಿ ಬಾ" ಎಂದು ದಳಪತಿ ನಕ್ಕ. ಸಿಪಾಯಿ ನಗಲಿಲ್ಲ. ಹೆಣಗಳನ್ನು ದಾಟಿಕೊಂಡು ಒಳಗೆ ನುಗ್ಗಿದ.

ಪರದೆಯ ಮುಂದೆ ಮುದಿ ಯಾಜಕನೊಬ್ಬ ಬರಿಗೈಯಲ್ಲಿ, ಎರಡೂ ತೋಳು ಚಾಚಿ ನಿಂತಿದ್ದ.

"ದಾರಿ ಬಿಡೋ ಮುದುಕ."

"ಬೇಡ ಮಗಾ. ಒಳಗೆ ಕಾಲಿಟ್ಟೋರು ಸತ್ತೇ ಹೋಗ್ತಾರೆ."

"ನಿನ್ನ ದೇವರನ್ನ ಕಾಪಾಡ್ತಿದೀಯಾ?"

"ಅವನಿಗ್ಯಾಕೆ ನನ್ನ ಕಾವಲು? ನಿನ್ನನ್ನ ಕಾಪಾಡ್ತಿದೀನಿ. ನಿಮ್ಮಮ್ಮ ದಾರಿ ನೋಡ್ತಿರ್ತಾಳೆ, ಹೋಗು."

ಸಿಪಾಯಿ ಕತ್ತಿಯನ್ನು ಹಿಡಿಯವರೆಗೂ ಅವನ ಹೊಟ್ಟೆಗೆ ತೂರಿಸಿದ. ಕುಸಿಯುತ್ತಲೇ ಮುದುಕ ಅವನ ಕಾಲು ತಬ್ಬಿ ತಡೆದ. ಸಿಪಾಯಿ ಒದ್ದು ಬಿಡಿಸಿಕೊಂಡು, ಪರದೆ ಸೀಳಿ, ಕತ್ತಿ ಎತ್ತಿ ಹಿಡಿದು ಒಳಹೊಕ್ಕ.

ಅಲ್ಲಿ ವಿಗ್ರಹವಿರಲಿಲ್ಲ, ಒಂದು ದೀಪವೂ ಇರಲಿಲ್ಲ. ಬರೀ ನೆಲ, ಬರೀ ಗೋಡೆ. ಬಹಳ ಹೊತ್ತು ನಿಂತ. ಅವನಿಗೆ ಏನೂ ಆಗಲಿಲ್ಲ.

ಹೊರಗೆ ಬಂದಾಗ ಯಾಜಕನ ಉಸಿರು ನಿಂತಿತ್ತು. ಕೈಗಳು ಇನ್ನೂ ಚಾಚಿಕೊಂಡೇ ಇದ್ದವು.

"ಸಿಕ್ಕಿದನೇನೋ ಅವರ ದೇವರು?" ಅಂಗಳದಿಂದ ದಳಪತಿ ಕೂಗಿದ.

"ಸಿಕ್ಕಿದ" ಎಂದ ಸಿಪಾಯಿ. "ಬಾಗಿಲಲ್ಲೇ ನಿಂತಿದ್ದ. ಕೊಂದುಬಿಟ್ಟೆ."