ಶೇಂಗಾ ವಾಸನೆ

ಕರುವಿನ ಪಾಲಿನ ಹಾಲು ಈ ಮನೆಗೆ ಬೇಡವೆಂದು ಸೊಸೆ ಹಟ ಹಿಡಿದಾಗ ಅತ್ತೆ ಒಂದು ಕರಾರು ಹಾಕಿದ್ದರು.

"ಒಂದ್ ತಿಂಗಳು ನೀ ಮಾಡಿದ್ದು ಉಣ್ತೀನಿ. ಬಾಯಿಗೆ ಹತ್ತಲಿಲ್ಲಂದ್ರ ಹಾಲು ಮೊಸರು ಮತ್ತ ಮನಿಗೆ ಬರ್ತಾವ, ಒಲಿ ಮುಂದ ನಾ ನಿಂದ್ರತೀನಿ."

ತೆಂಗಿನ ಹಾಲಿನ ಪಾಯಸ ಒಡೆದುಹೋಯಿತು. ಶೇಂಗಾ ಎಣ್ಣೆ ಸವರಿದ ಹೋಳಿಗೆ ಗೆದ್ದಿತು. ಅತ್ತೆ ಮೂರು ತಿಂದರು. ಆದರೆ ಶೇಂಗಾ ಹಾಲಿನ ಮೊಸರು ಮಾತ್ರ ಕೈಗೆ ಹತ್ತಲೇ ಇಲ್ಲ. ಹಸಿಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪಿಟ್ಟು, ಪಾತ್ರೆಗೆ ಕಂಬಳಿ ಹೊದಿಸಿದರೂ ಅದು ನೀರು ನೀರೇ. ಕಡೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದ ಸೊಸೆ ಒಲೆಯ ಪಕ್ಕದಲ್ಲೇ ಕೂತುಬಿಟ್ಟಳು.

ಮಧ್ಯಾಹ್ನ ಅತ್ತೆಯ ತಟ್ಟೆಗೆ ಬಿದ್ದದ್ದು ಗಟ್ಟಿ ಮೊಸರು. ರೊಟ್ಟಿ ಅದ್ದಿ ಬಾಯಿಗಿಟ್ಟವರೇ ಮುಖ ಕಿವುಚಿದರು.

"ಶೇಂಗಾ ವಾಸನಿ ಇವತ್ತೂ ಹೋಗಿಲ್ಲ."

"ಇನ್ನೊಂದ್ ತುತ್ತು ತಿಂದು ನೋಡ್ರೀ ಅತ್ಯಾರ."

"ಎಷ್ಟ್ ತಿಂದ್ರೂ ಅಷ್ಟ. ಮೊಸರು ಅಂದ್ರ ನನ್ನ ಮಗಳು ನೀಲಗಂಗಾ ಮಾಡಿದ್ದು. ಆಕಿ ಮನಿ ಎಮ್ಮಿ ಮೊಸರು ನಾಲಿಗಿ ಮ್ಯಾಲೆ ಇಟ್ರ ಸಾಕು, ಕಣ್ಣು ಮುಚ್ಚಿ ಹೇಳ್ತೀನಿ. ನಾಳಿಯಿಂದ ಒಲಿ ನಂದು."

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೆಳಿಗ್ಗೆ ಅತ್ತೆ ಮಠಕ್ಕೆ ಹೋಗಿದ್ದಾಗ ಬಾಗಿಲಿಗೆ ಬಂದಿದ್ದ ಮೊಸರಿನ ಡಬ್ಬಿ ಖಾಲಿಯಾಗಿತ್ತು. ಅದನ್ನು ತೊಳೆದು, ಸ್ಟೀಲಿನ ಮೇಲೆ ಕೊರೆಸಿದ್ದ 'ನೀಲಗಂಗಾ' ಎಂಬ ಹೆಸರು ಗೋಡೆಯ ಕಡೆ ಬರುವಂತೆ ಬೋರಲು ಹಾಕಿದಳು.