ಅಪ್ಪನ ವಾಸನೆ

ಒಂಬತ್ತು ತಿಂಗಳ ಕೂಸು ಸಾತ್ವಿಕ ಚೀಪುತ್ತಿದ್ದ ಕೌದಿಯ ಮೂಲೆಯಲ್ಲಿ ಒಂದು ನೀಲಿ ಜೇಬಿತ್ತು. ಹೊಸ್ತಿಲಾಚೆ ಬೂಟು ಕಳಚುತ್ತಿದ್ದ ಶ್ಯಾಮನಿಗೆ ಥಟ್ಟನೆ ಗುರುತು ಹತ್ತಿತು. ಅದು ಭೋಸರಿಯ ಬ್ಯಾಟರಿ ಕಾರ್ಖಾನೆಯಲ್ಲಿ ಅವನೇ ತೊಟ್ಟು ಸವೆಸಿದ ಅಂಗಿಯ ಜೇಬು.

ಮಗನ ರಕ್ತದಲ್ಲಿ ಸೀಸದ ವಿಷ ಸೇರಿದೆ, ಅದು ಅಪ್ಪನ ಮೈಬಟ್ಟೆಗೆ ಅಂಟಿದ ಕಾರ್ಖಾನೆಯ ಪುಡಿಯಿಂದಲೇ ಬಂದದ್ದು ಎಂದು ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಅಂದಿನಿಂದ ಶ್ಯಾಮ ಕೂಸನ್ನು ಎತ್ತಿಕೊಂಡೇ ಇರಲಿಲ್ಲ. ಕೆಲಸದ ಅಂಗಿಗಳನ್ನು ಕಾರ್ಖಾನೆಯಲ್ಲೇ ಒಗೆಸಿಕೊಡಿ ಎಂದು ಕೇಳಿದಾಗ ಮ್ಯಾನೇಜರ್ ಮರಾಠಿಯಲ್ಲಿ ಗೇಲಿ ಮಾಡಿ ನಕ್ಕಿದ್ದ: “ಯಾಕೆ, ಮನೆಯಲ್ಲಿ ಹೆಂಗಸರು ಸತ್ತಿದ್ದಾರಾ?” ಇವತ್ತು ಕೈಗೆ ಬಂದ ರಿಪೋರ್ಟಿನಲ್ಲಿ ಸೀಸ ಇನ್ನೂ ಏರಿತ್ತು.

“ಅವ್ವಾ, ಈ ಕೌದಿ ಯಾವಾಗ ಹೊಲದಿ?”

“ನೀ ಮುಟ್ಟೂದು ಬಿಟ್ಟಾಗಿಂದ ಕೂಸು ಭಾಳ ಅಳತಿತ್ತಪಾ,” ಗೋದಾ ಹೆಮ್ಮೆಯಿಂದ ಹೇಳಿದಳು. “ನಿನ್ನ ನಾಕು ಹಳೇ ಅಂಗಿ ಕೂಡಿಸಿ ಹೊಲದೆ. ಹೊಚ್ಚಿದ ಕೂಡಲೇ ಸುಮ್ಮನಾತು ನೋಡು.”

“ಮೊದಲ ಒಗದಿದ್ದಿ, ಹೌದಿಲ್ಲೋ?”

“ಹುಚ್ಚಪ್ಪಾ! ಒಗದ್ರ ಅಪ್ಪನ ವಾಸನಿ ಉಳೀತದೇನು?”

ಶ್ಯಾಮ ಒಳನುಗ್ಗಿ ಕೌದಿಯನ್ನು ಕಿತ್ತೆಸೆದ. ಜೇಬಿನ ಹೊಲಿಗೆಯಿಂದ ಬೂದು ಪುಡಿ ಉದುರಿತು. ಕೂಸು ಚೀರುತ್ತ ಅವನತ್ತ ಎರಡೂ ಕೈ ಚಾಚಿತು. ಅವನು ಗೋಡೆಗೆ ಒತ್ತಿಕೊಂಡು ನಿಂತ. ಸಮಾಧಾನ ಮಾಡಲು ಗೋದಾ ಬಾಗಿದಳು. ದಿನವೂ ಆ ಕೌದಿಯನ್ನು ಕೊಡವಿ ಮಡಚುತ್ತಿದ್ದ ಅವಳ ಕೈಗಳ ಮೇಲೆ ಶ್ಯಾಮ ರಪ್ಪನೆ ಹೊಡೆದ.

“ನೀನೂ ಮುಟ್ಟಬ್ಯಾಡ!”